ಒಳ್ಳೆ ಸಿನಿಮಾ ಹೌದು, ಒಳ್ಳೆ ಮಪೆಟ್ ಸಿನಿಮಾ ಹೌದಾ? ‘ಮಪೆಟ್ ಟ್ರೆಷರ್ ಐಲ್ಯಾಂಡ್’ ಬಗ್ಗೆ ಒಬ್ಬ ಅಭಿಮಾನಿಯ ಮಾತು

ಇವತ್ತಿನ ಮಾತು ಒಂದು ಗೊಂಬೆ ಸಿನಿಮಾದ ಬಗ್ಗೆ. 1996ರಲ್ಲಿ ಬಂದ ‘ಮಪೆಟ್ ಟ್ರೆಷರ್ ಐಲ್ಯಾಂಡ್’. ಕಡಲ್ಗಳ್ಳರು, ನಿಧಿ, ನಕ್ಷೆ, ಹಡಗು, ಹಾಡು, ಮಧ್ಯದಲ್ಲಿ ಒಂದು ಕಪ್ಪೆ, ಒಂದು ಹಂದಿ, ಒಂದು ಕರಡಿ. ಮನೆಮಂದಿಯೆಲ್ಲ ಕೂತು ನೋಡುವಂಥ ಸಿನಿಮಾ.

ನಾನು ಮಪೆಟ್‌ಗಳ ಹಳೇ ಅಭಿಮಾನಿ. ಈ ಸಿನಿಮಾ ಎಷ್ಟು ಸಲ ನೋಡಿದ್ದೀನಿ ಅಂತ ಲೆಕ್ಕ ಇಟ್ಟಿಲ್ಲ. ಆದರೆ ಪ್ರತಿ ಸಲ ಮುಗಿದ ಮೇಲೂ ನನ್ನಲ್ಲಿ ಎರಡು ಅಭಿಪ್ರಾಯ ಉಳಿಯುತ್ತೆ. ಒಂದು, ಅಬ್ಬಾ ಎಂಥ ಮಜಾ ಇತ್ತು. ಇನ್ನೊಂದು, ನಾನು ಯಾರನ್ನು ನೋಡಲು ಬಂದಿದ್ದೆನೋ ಅವರೇ ಸರಿಯಾಗಿ ಸಿಗಲಿಲ್ಲ. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತೆ, ಅದನ್ನೇ ಇವತ್ತು ನಿಮ್ಮ ಮುಂದೆ ಬಿಡಿಸಿ ಹೇಳ್ತೀನಿ.

ಮಪೆಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಜಿಮ್ ಹೆನ್ಸನ್ ಎಂಬುವರು ಕಟ್ಟಿದ ಗೊಂಬೆ ಬಳಗ ಇದು. 1955ರಲ್ಲಿ ಅವರು ತಮ್ಮ ತಾಯಿಯ ಹಳೇ ಕೋಟಿನ ಬಟ್ಟೆ ಕತ್ತರಿಸಿ, ಒಂದು ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣು ಇಟ್ಟು ಒಂದು ಗೊಂಬೆ ಮಾಡಿದರು. ಅದೇ ಮುಂದೆ ಕರ್ಮಿಟ್ ಎಂಬ ಕಪ್ಪೆ ಆಯಿತು. ‘ದ ಮಪೆಟ್ ಷೋ’ ಅನ್ನುವ ಟಿವಿ ಕಾರ್ಯಕ್ರಮ 1976ರಿಂದ 1981ರವರೆಗೆ ಇಂಗ್ಲೆಂಡಿನಲ್ಲಿ ತಯಾರಾಗಿ 120 ಕಂತು ನಡೆಯಿತು. ಅದರಲ್ಲಿ ಒಂದು ಬಡಕಲು ನಾಟಕ ಮಂದಿರ. ಕರ್ಮಿಟ್ ಅದರ ಮ್ಯಾನೇಜರ್. ಪರದೆಯ ಹಿಂದೆ ಎಲ್ಲರೂ ರಂಪ ಮಾಡ್ತಾರೆ, ಅವನೊಬ್ಬ ಹೇಗೋ ಸಂಭಾಳಿಸ್ತಾನೆ. ಅಷ್ಟೇ ಕಥೆ.

ಇಲ್ಲಿ ಒಂದು ವಿಷಯ ಗಮನಿಸಿ, ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿದೆ. ನಮ್ಮ ಸೂತ್ರದ ಗೊಂಬೆಯಾಟದಲ್ಲಿ ರಾವಣನ ಗೊಂಬೆ ಅಂದರೆ ರಾವಣನೇ. ಅದಕ್ಕೆ ಬೇರೆ ಹೆಸರು, ಬೇರೆ ಬದುಕು ಇರಲ್ಲ. ಮಪೆಟ್ ಹಾಗಲ್ಲ. ಕರ್ಮಿಟ್ ಒಬ್ಬ ನಟ. ಅವನು ಒಂದು ಸಿನಿಮಾದಲ್ಲಿ ಗುಮಾಸ್ತ ಆಗ್ತಾನೆ, ಇನ್ನೊಂದರಲ್ಲಿ ಕ್ಯಾಪ್ಟನ್ ಆಗ್ತಾನೆ, ಆದರೆ ಒಳಗೆ ಕರ್ಮಿಟ್ಟೇ. ಅಣ್ಣಾವ್ರು ಮಯೂರ ಆದಾಗಲೂ ಬಬ್ರುವಾಹನ ಆದಾಗಲೂ ನಾವು ಪಾತ್ರವನ್ನೂ ನೋಡ್ತೀವಿ, ಅಣ್ಣಾವ್ರನ್ನೂ ನೋಡ್ತೀವಿ ಅಲ್ವಾ? ಹಾಗೇ ಇದು. ಗೊಂಬೆಗೆ ಸ್ಟಾರ್ ಪಟ್ಟ ಸಿಕ್ಕಿದೆ. ಸ್ಟಾರ್ ಅಂದ ಮೇಲೆ ಅಭಿಮಾನಿಗೆ ನಿರೀಕ್ಷೆಯೂ ಇರುತ್ತೆ, ದೂರೂ ಇರುತ್ತೆ.

ಈಗ ಈ ಸಿನಿಮಾ ಬಂದ ಹೊತ್ತು ಎಂಥದ್ದು ಅಂತ ನೋಡೋಣ. 1990ರ ಮೇ 16ರಂದು ಜಿಮ್ ಹೆನ್ಸನ್ ತೀರಿಕೊಂಡರು. 53 ವರ್ಷ ಅಷ್ಟೇ. ಬ್ಯಾಕ್ಟೀರಿಯಾ ಸೋಂಕು, ಕೆಲವೇ ದಿನಗಳಲ್ಲಿ ಎಲ್ಲ ಮುಗಿದುಹೋಯಿತು. ಅಲ್ಲಿಯವರೆಗೆ ಕರ್ಮಿಟ್‌ನ ಕೈಯೂ ಅವರದ್ದೇ, ಧ್ವನಿಯೂ ಅವರದ್ದೇ. 1992ರ ಜನವರಿಯಲ್ಲಿ ಬಳಗದ ಇನ್ನೊಬ್ಬ ಹಳೇ ಕಲಾವಿದ ರಿಚರ್ಡ್ ಹಂಟ್ ಕೂಡ ಹೋದರು. ಒಂದು ನಾಟಕ ಕಂಪನಿಯ ಯಜಮಾನರೇ ಹೋದ ಮೇಲೆ ಉಳಿದವರು ಏನು ಮಾಡ್ತಾರೆ? ಬಾಗಿಲು ಹಾಕ್ತಾರೆ, ಇಲ್ಲಾ ಹಳೇ ನಾಟಕ ಎತ್ತಿಕೊಂಡು ಧೈರ್ಯ ಮಾಡ್ತಾರೆ.

ಇವರು ಧೈರ್ಯ ಮಾಡಿದರು. ಮಗ ಬ್ರಯಾನ್ ಹೆನ್ಸನ್‌ಗೆ ತಂದೆ ತೀರಿದಾಗ 26 ವರ್ಷ. ಅವರೇ ನಿರ್ದೇಶನಕ್ಕೆ ನಿಂತರು. ಕರ್ಮಿಟ್‌ನ ಹೊಣೆ ಸ್ಟೀವ್ ವಿಟ್ಮೈರ್ ಹೆಗಲಿಗೆ ಬಂತು. ಮೊದಲು 1992ರಲ್ಲಿ ಚಾರ್ಲ್ಸ್ ಡಿಕನ್ಸ್ ಕಥೆ ಇಟ್ಟುಕೊಂಡು ‘ದ ಮಪೆಟ್ ಕ್ರಿಸ್ಮಸ್ ಕ್ಯಾರಲ್’. ಆಮೇಲೆ 1996ರಲ್ಲಿ ರಾಬರ್ಟ್ ಲೂಯಿ ಸ್ಟೀವನ್ಸನ್ ಕಾದಂಬರಿ ಇಟ್ಟುಕೊಂಡು ಈ ಸಿನಿಮಾ. ಎರಡು ಸಲವೂ ಎಲ್ಲರಿಗೂ ಗೊತ್ತಿರುವ, ಗಟ್ಟಿಯಾದ ಹಳೇ ಪುಸ್ತಕ. ನನಗೆ ಇದರಲ್ಲಿ ಜಾಣತನವೂ ಕಾಣುತ್ತೆ, ಸ್ವಲ್ಪ ಭಯವೂ ಕಾಣುತ್ತೆ. ಕಥೆ ಬೇರೆಯವರದ್ದಾದರೆ ಎಡವುವ ಅಪಾಯ ಕಡಿಮೆ.

ಸ್ಟೀವನ್ಸನ್ ಪುಸ್ತಕವೇ ಒಂದು ಮನೆಯಾಟದಿಂದ ಹುಟ್ಟಿದ್ದು. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಮಲಮಗ ಲಾಯ್ಡ್ ಜೊತೆ ಕೂತು ಒಂದು ದ್ವೀಪದ ನಕ್ಷೆ ಬರೆದರು. ಆ ನಕ್ಷೆಯಿಂದ ಕಥೆ ಬೆಳೆಯಿತು. ಪುಸ್ತಕವಾಗಿ ಬಂದದ್ದು 1883ರಲ್ಲಿ. ಒಂಟಿ ಕಾಲಿನ ಕಡಲ್ಗಳ್ಳ ಲಾಂಗ್ ಜಾನ್ ಸಿಲ್ವರ್‌ಗೆ ತಮ್ಮ ಸ್ನೇಹಿತ, ಒಂದು ಕಾಲು ಕಳೆದುಕೊಂಡಿದ್ದ ಕವಿ ಡಬ್ಲ್ಯೂ. ಇ. ಹೆನ್ಲಿ ಅವರೇ ಸ್ಫೂರ್ತಿ. ಹಾಗಾಗಿ ಮನೆಮಂದಿಗೆ ಅಂತ ಗೊಂಬೆ ಸಿನಿಮಾ ಮಾಡಲು ಈ ಪುಸ್ತಕ ಸರಿಯಾದ ಆಯ್ಕೆಯೇ.

ಮೊದಲು ಹೊಗಳಿಕೆ. ಈ ಸಿನಿಮಾದಲ್ಲಿ ಸಿಲ್ವರ್ ಆಗಿ ಬರುವವರು ಟಿಮ್ ಕರಿ. ಗೊಂಬೆಗಳ ಜೊತೆ ನಟಿಸುವ ಮನುಷ್ಯರಲ್ಲಿ ಎರಡು ಬಗೆ. ಕೆಲವರು ಗೊಂಬೆಯನ್ನು ನೋಡಿ ನಗ್ತಾರೆ, ಅಂದರೆ ‘ನನಗೆ ಗೊತ್ತು ಇದು ಬಟ್ಟೆ’ ಅನ್ನುವ ಧೋರಣೆ. ಇನ್ನು ಕೆಲವರು ಎದುರಿಗಿರುವುದು ಜೀವ ಅಂತಲೇ ಮಾತಾಡ್ತಾರೆ. ಕರಿ ಇನ್ನೂ ಒಂದು ಹೆಜ್ಜೆ ಮುಂದೆ, ತಾವೇ ಒಂದು ಮಪೆಟ್ ಅನ್ನುವ ಹಾಗೆ ಆಡ್ತಾರೆ. ಹುಬ್ಬು, ತುಟಿ, ಧ್ವನಿ ಎಲ್ಲ ಗೊಂಬೆಯ ಅಳತೆಗೆ ಹಿಗ್ಗಿಸ್ತಾರೆ. ಪುಸ್ತಕದ ಸಿಲ್ವರ್ ಹೆಗಲ ಮೇಲೆ ಗಿಣಿ ಇದ್ದರೆ ಇಲ್ಲಿ ಲಾಬ್‌ಸ್ಟರ್ ಕೂತಿರುತ್ತೆ. ಕರಿ ಅದರ ಜೊತೆ ಎಷ್ಟು ಸಹಜವಾಗಿ ಇರ್ತಾರೆ ಅಂದರೆ, ಸ್ವಲ್ಪ ಹೊತ್ತಿಗೆ ನಮಗೂ ಅದು ವಿಚಿತ್ರ ಅನಿಸಲ್ಲ.

ಹಾಸ್ಯವೂ ಚುರುಕು. ಇಲಿ ರಿಝೊ ಈ ಪ್ರಯಾಣಕ್ಕೆ ಟಿಕೆಟ್ ಮಾರಿಬಿಟ್ಟಿದ್ದಾನೆ. ಹಾಗಾಗಿ ಕಡಲ್ಗಳ್ಳರ ಹಡಗಿನಲ್ಲಿ ಇಲಿಗಳ ಗುಂಪೊಂದು ಪ್ರವಾಸಿಗಳ ಥರ ಓಡಾಡ್ತಾ ಇರುತ್ತೆ. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ಬಿಲ್ಲಿ ಬೋನ್ಸ್ ಸಾಯ್ತಾನೆ, ಪಾತ್ರಧಾರಿ ಬಿಲ್ಲಿ ಕಾನಲಿ. ತಕ್ಷಣ ರಿಝೊ, ಇದು ಮಕ್ಕಳ ಸಿನಿಮಾ ಅಂದಿದ್ದರಲ್ಲ ಅಂತ ಗೊಣಗ್ತಾನೆ. ಡೆಡ್ ಟಾಮ್ ಅನ್ನುವ ಕಡಲ್ಗಳ್ಳ ಮೊದಲಿಂದಲೂ ಬರೀ ಅಸ್ಥಿಪಂಜರ. ಅವನಿಗೆ ಗುಂಡು ಬಿದ್ದಾಗ ಒಬ್ಬ ಗಾಬರಿಯಾಗಿ ಅವನು ಸತ್ತ ಅಂತ ಕೂಗಿದರೆ, ಇನ್ನೊಬ್ಬ ಅವನು ಯಾವಾಗಲೂ ಸತ್ತೇ ಇದ್ದನಲ್ಲ ಅಂತಾನೆ. ಗಾಳಿ ಇಲ್ಲದೆ ಹಡಗು ನಡುಕಡಲಲ್ಲಿ ನಿಂತಾಗ ಎಲ್ಲರಿಗೂ ಒಟ್ಟಿಗೆ ತಲೆ ಕೆಟ್ಟು ‘ಕ್ಯಾಬಿನ್ ಫೀವರ್’ ಅನ್ನುವ ಹಾಡು ಹಾಡ್ತಾರೆ. ಕಥೆಗೂ ಆ ಹಾಡಿಗೂ ಏನೂ ಸಂಬಂಧ ಇಲ್ಲ, ಅದೇ ಅದರ ಸೊಗಸು. ಹಾಡುಗಳು ಬ್ಯಾರಿ ಮಾನ್ ಮತ್ತು ಸಿಂಥಿಯಾ ವೈಲ್ ಅವರದ್ದು, ಹಿನ್ನೆಲೆ ಸಂಗೀತ ಹ್ಯಾನ್ಸ್ ಝಿಮ್ಮರ್ ಅವರದ್ದು. ಕಣ್ಣು ಮುಚ್ಚಿ ಸಂಗೀತ ಮಾತ್ರ ಕೇಳಿದರೆ ಗೊಂಬೆ ಸಿನಿಮಾ ಅಂತ ಯಾರೂ ಹೇಳಲ್ಲ, ದೊಡ್ಡ ಸಾಹಸ ಚಿತ್ರ ಅಂತಲೇ ಹೇಳ್ತಾರೆ.

ಸರಿ, ಹಾಗಾದರೆ ನನ್ನ ದೂರು ಏನು?

ಸಿನಿಮಾ ಸುಮಾರು 100 ನಿಮಿಷದ್ದು. ಶುರುವಾಗುವುದು ಜಿಮ್ ಹಾಕಿನ್ಸ್ ಎಂಬ ಹುಡುಗನಿಂದ, ಪಾತ್ರಧಾರಿ ಕೆವಿನ್ ಬಿಷಪ್. ಗಾಂಝೊ ಮತ್ತು ರಿಝೊ ಅವನ ಜೊತೆಗಾರರು. ನಮ್ಮ ಕರ್ಮಿಟ್ ಬರುವುದು ಹಡಗು ಹೊರಡುವ ಹೊತ್ತಿಗೆ. ಮಿಸ್ ಪಿಗ್ಗಿ? ಒಂದು ಗಂಟೆ ದಾಟಿದ ಮೇಲೆ. ಮಪೆಟ್ ಸಿನಿಮಾದಲ್ಲಿ ಪಿಗ್ಗಿ ಒಂದು ಗಂಟೆ ಇಲ್ಲ ಅಂದರೆ ಅದು ಸಣ್ಣ ಮಾತಲ್ಲ.

ಇದಕ್ಕೆ ಕಾರಣ ಪುಸ್ತಕದಲ್ಲೇ ಇದೆ. ಕರ್ಮಿಟ್‌ಗೆ ಕೊಟ್ಟದ್ದು ಕ್ಯಾಪ್ಟನ್ ಸ್ಮಾಲೆಟ್ ಪಾತ್ರ. ಪುಸ್ತಕದಲ್ಲಿ ಆ ಕ್ಯಾಪ್ಟನ್ ಹಡಗಿನ ಭಾಗ ಶುರುವಾದಾಗಲೇ ಬರೋದು. ಪಿಗ್ಗಿಗೆ ಕೊಟ್ಟದ್ದು ಬೆನ್ ಗನ್ ಪಾತ್ರ, ಹೆಸರು ಬೆಂಜಮೀನಾ ಗನ್ ಅಂತ ಹೆಣ್ಣಾಗಿದೆ. ಬೆನ್ ಗನ್ ದ್ವೀಪದಲ್ಲಿ ಒಂಟಿಯಾಗಿ ಬಿಟ್ಟುಬಂದವನು, ಅಂದ ಮೇಲೆ ದ್ವೀಪ ಮುಟ್ಟುವವರೆಗೆ ಅವನು ಸಿಗುವ ಹಾಗೇ ಇಲ್ಲ. ಪಾತ್ರ ಹಂಚುವಾಗಲೇ ಈ ಸಮಸ್ಯೆ ಹುಟ್ಟಿಕೊಂಡಿತು. ಎರಡು ದೊಡ್ಡ ಸ್ಟಾರ್‌ಗಳಿಗೆ ತಡವಾಗಿ ಬರುವ ಪಾತ್ರ, ಮೊದಲಿಂದ ಕೊನೆವರೆಗೆ ಓಡುವ ಎರಡು ಪಾತ್ರ ಮನುಷ್ಯರಿಗೆ.

ಬರೀ ನಿಮಿಷದ ಲೆಕ್ಕ ಆಗಿದ್ದರೆ ನಾನು ಇಷ್ಟು ಮಾತಾಡ್ತಾ ಇರಲಿಲ್ಲ. ದೊಡ್ಡ ವಿಷಯ ಆಸೆಯದ್ದು. 1979ರ ‘ದ ಮಪೆಟ್ ಮೂವಿ’ ನೆನಪು ಮಾಡಿಕೊಳ್ಳಿ. ಕೊಳದಲ್ಲಿ ಕೂತು ಬ್ಯಾಂಜೊ ನುಡಿಸುವ ಕಪ್ಪೆಗೆ ಜನರನ್ನು ನಗಿಸಬೇಕು ಅನ್ನುವ ಆಸೆ ಹುಟ್ಟುತ್ತೆ. ಹಾಲಿವುಡ್ ಕಡೆ ಹೊರಡ್ತಾನೆ. ದಾರಿಯಲ್ಲಿ ಕರಡಿ ಫಾಝಿ ಸಿಗ್ತಾನೆ, ಗಾಂಝೊ ಸಿಗ್ತಾನೆ, ಪಿಗ್ಗಿ ಸಿಗ್ತಾಳೆ. ಒಬ್ಬೊಬ್ಬರಿಗೂ ಒಂದೊಂದು ಆಸೆ. ಆ ಆಸೆಗಳೇ ಕಥೆ. ‘ಟ್ರೆಷರ್ ಐಲ್ಯಾಂಡ್’ನಲ್ಲಿ ಆಸೆ ಇರುವುದು ಜಿಮ್ ಹುಡುಗನಿಗೆ, ಸಮುದ್ರ ನೋಡಬೇಕು ಅಂತ. ಆಸೆ ಇರುವುದು ಸಿಲ್ವರ್‌ಗೆ, ಚಿನ್ನ ಬೇಕು ಅಂತ. ಮಪೆಟ್‌ಗಳಿಗೆ ತಮ್ಮದೇ ಅಂತ ಬೇಕಾದದ್ದು ಏನೂ ಇಲ್ಲ. ಫಾಝಿ ಇಲ್ಲಿ ಹಣವಂತರ ಮನೆಯ ಪೆದ್ದ ಮಗ, ತನ್ನ ಬೆರಳೊಳಗೆ ಒಬ್ಬ ಮನುಷ್ಯ ವಾಸ ಮಾಡ್ತಾನೆ ಅಂತ ನಂಬಿರ್ತಾನೆ. ಜೋಕ್ ಚೆನ್ನಾಗಿದೆ. ಆದರೆ ಹಳೇ ಫಾಝಿಗೆ ಒಂದು ನೋವಿತ್ತು. ತನ್ನ ಜೋಕಿಗೆ ಯಾರೂ ನಗಲ್ಲ, ಆದರೂ ಮತ್ತೆ ವೇದಿಕೆ ಹತ್ತುತ್ತಿದ್ದ. ಆ ನೋವು ಇಲ್ಲಿಲ್ಲ. ಮನೆಯವರೇ ತಮ್ಮ ಮನೆ ಮದುವೆಗೆ ನೆಂಟರ ಥರ ಬಂದು ಊಟ ಮಾಡಿ ಹೋದ ಹಾಗೆ.

ತೆರೆಯ ಹಿಂದೆಯೂ ಹೀಗೇ ಒಂದು ಸಂಗತಿ ಇದೆ. ಪಿಗ್ಗಿ, ಫಾಝಿ, ಸ್ಯಾಮ್ ಈಗಲ್, ಮೂವರೂ ಫ್ರಾಂಕ್ ಆಜ್ ಅವರ ಪಾತ್ರಗಳು. ಅವರು ಆ ಹೊತ್ತಿಗೆ ಬಿಡುವಿಲ್ಲದ ಸಿನಿಮಾ ನಿರ್ದೇಶಕ. ಹಾಗಾಗಿ ಸೆಟ್‌ನಲ್ಲಿ ಹೆಚ್ಚಾಗಿ ಕೆವಿನ್ ಕ್ಲಾಶ್ ಗೊಂಬೆ ಆಡಿಸಿದರು, ಆಜ್ ಆಮೇಲೆ ಧ್ವನಿ ಕೊಟ್ಟರು. ಡಬ್ಬಿಂಗ್ ನಮಗೇನು ಹೊಸದಲ್ಲ. ಆದರೆ ಮಪೆಟ್ ಕಲೆ ನಡೆಯುವ ಕ್ರಮವೇ ಬೇರೆ. ಕಲಾವಿದರು ಕೆಳಗೆ ಅಡಗಿ ಒಂದು ಕೈಯನ್ನು ಗೊಂಬೆಯ ತಲೆಯೊಳಗೆ ಎತ್ತಿ ಹಿಡಿದಿರ್ತಾರೆ, ಇನ್ನೊಂದು ಕೈಯಿಂದ ಸಣ್ಣ ಕಡ್ಡಿ ಹಿಡಿದು ಗೊಂಬೆಯ ಕೈ ಆಡಿಸ್ತಾರೆ, ಕ್ಯಾಮೆರಾದಲ್ಲಿ ಏನು ಕಾಣ್ತಿದೆ ಅಂತ ಮುಂದಿರುವ ಮಾನಿಟರ್ ನೋಡ್ತಾರೆ, ಜೊತೆಗೆ ಮಾತೂ ಆಡ್ತಾರೆ. ಮಾತು ಮತ್ತು ಬೆರಳು ಒಂದೇ ಉಸಿರಲ್ಲಿ ಓಡಬೇಕು. ಎರಡನ್ನೂ ಇಬ್ಬರು ಹಂಚಿಕೊಂಡರೆ ಕೆಲಸ ನಡೆಯುತ್ತೆ, ಆದರೆ ಆ ಕ್ಷಣಕ್ಕೆ ಹೊಳೆದ ಕಿಡಿಗೇಡಿತನ ಹುಟ್ಟೋದು ಕಷ್ಟ. ಇಲ್ಲಿನ ಪಿಗ್ಗಿ ಚೆನ್ನಾಗಿದ್ದಾಳೆ, ಆದರೆ ಅನಿರೀಕ್ಷಿತವಾಗಿ ಏನೂ ಮಾಡಲ್ಲ ಅಂತ ನನಗೆ ಅನಿಸೋದು ಬಹುಶಃ ಇದಕ್ಕೇ.

ಇನ್ನೊಂದು ಮುಜುಗರವೂ ಇದೆ. ದ್ವೀಪದಲ್ಲಿ ಕಾಡುಹಂದಿಗಳ ಬುಡಕಟ್ಟು, ಡೋಲು, ಕುಣಿತ, ಹೊರಗಿಂದ ಬಂದ ಪಿಗ್ಗಿ ಅವರಿಗೆ ರಾಣಿ. ಹಳೇ ಇಂಗ್ಲಿಷ್ ಸಾಹಸ ಸಿನಿಮಾಗಳಲ್ಲಿ ‘ಕಾಡುಜನ’ ಅಂತ ತೋರಿಸುತ್ತಿದ್ದ ಚಿತ್ರವನ್ನೇ ಹಂದಿಗಳ ಮೇಲೆ ಹೊದಿಸಿದ್ದಾರೆ. ತಮಾಷೆಗೇ ಅಂತಿಟ್ಟುಕೊಂಡರೂ ಮಕ್ಕಳ ಪಕ್ಕ ಕೂತು ನೋಡುವಾಗ ಆ ಐದು ನಿಮಿಷ ನನಗೆ ಸರಿ ಹೋಗಲ್ಲ.

ಇಷ್ಟೆಲ್ಲ ದೂರು ಹೇಳುವವನಿಗೆ ಒಂದು ಪರೀಕ್ಷೆ ಎದುರಾಯಿತು. ಅಕ್ಕನ ಮಗಳಿಗೆ ಈ ಸಿನಿಮಾ ತೋರಿಸಿದೆ. ಅವಳಿಗೆ ಆಗ ಎಂಟು ವರ್ಷ, ಮಪೆಟ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಕರ್ಮಿಟ್ ಯಾಕೆ ತಡವಾಗಿ ಬಂದ ಅಂತ ಅವಳು ಕೇಳಲಿಲ್ಲ, ಅವನನ್ನು ಕಾಯ್ತಾ ಇದ್ದದ್ದು ನಾನೊಬ್ಬನೇ. ಅವಳು ಕೇಳಿದ್ದು ಒಂದೇ: ‘ಮಾಮ, ಸಿಲ್ವರ್ ಒಳ್ಳೆಯವನಾ ಕೆಟ್ಟವನಾ?’ ನಾನು ಉತ್ತರ ಕೊಡಲಿಲ್ಲ, ನೋಡು ಅಂದೆ.

ಆ ಪ್ರಶ್ನೆಯೇ ಈ ಸಿನಿಮಾದ ಜೀವ. ತಂದೆ ಇಲ್ಲದ ಹುಡುಗನಿಗೆ ಸಿಲ್ವರ್ ಪ್ರೀತಿ ತೋರಿಸ್ತಾನೆ, ಅವನ ಹಿಂದಿನಿಂದ ಹಡಗು ಕಸಿಯುವ ಸಂಚನ್ನೂ ಮಾಡ್ತಾನೆ. ಪ್ರೀತಿಯೂ ಸುಳ್ಳಲ್ಲ, ಸಂಚೂ ಸುಳ್ಳಲ್ಲ. ಕೊನೆಯಲ್ಲಿ ಅವನು ನಿಧಿಯ ಸಮೇತ ದೋಣಿಯಲ್ಲಿ ತಪ್ಪಿಸಿಕೊಳ್ಳುವಾಗ ಜಿಮ್ ಎದುರು ಬರ್ತಾನೆ. ಸಿಲ್ವರ್ ಪಿಸ್ತೂಲು ತೋರಿಸ್ತಾನೆ, ಆದರೆ ಹೊಡೆಯಲು ಆಗಲ್ಲ. ಹುಡುಗನಿಗೂ ಅವನನ್ನು ಹಿಡಿದುಕೊಡಲು ಆಗಲ್ಲ. ಹೋಗಲು ಬಿಡ್ತಾನೆ. ಮಕ್ಕಳ ಸಿನಿಮಾದಲ್ಲಿ ಕೆಟ್ಟವನ ಮೇಲೆ ಪ್ರೀತಿ ಇಟ್ಟುಕೊಂಡೇ ಅವನನ್ನು ಬಿಟ್ಟುಕೊಡುವ ದೃಶ್ಯ ಅಷ್ಟು ಸುಲಭಕ್ಕೆ ಸಿಗಲ್ಲ. ಆಮೇಲೆ ಆ ದೋಣಿ ಸರಿಯಿಲ್ಲದ ದೋಣಿ ಅಂತ ಗೊತ್ತಾಗುತ್ತೆ, ಅದು ಬೇರೆ ಮಾತು. ಅಲ್ಲೂ ನಗು ಬಿಟ್ಟಿಲ್ಲ.

ನನ್ನ ಅಕ್ಕನ ಮಗಳಿಗೆ ಸಿನಿಮಾ ಪೂರ್ತಿ ದಕ್ಕಿತು. ಅಲ್ಲಿಗೆ ನನಗೆ ಒಂದು ವಿಷಯ ಸ್ಪಷ್ಟ ಆಯಿತು. ನನ್ನ ದೂರು ಸುಳ್ಳಲ್ಲ, ಆದರೆ ಅದು ಹಳೇ ಪ್ರೇಕ್ಷಕನ ದೂರು. ಸಿನಿಮಾಗೆ ಬೇಕಾದದ್ದೆಲ್ಲ ಸಿನಿಮಾದಲ್ಲಿದೆ. ನನಗೆ ಬೇಕಾದದ್ದು ಪೂರ್ತಿ ಇಲ್ಲ. ಈ ಎರಡನ್ನು ಬೇರೆ ಬೇರೆ ಇಟ್ಟು ನೋಡದೆ ಹೋದರೆ ಅಭಿಮಾನಿ ಅನ್ಯಾಯ ಮಾಡಿಬಿಡ್ತಾನೆ. ಯಜಮಾನರು ಇದ್ದಿದ್ದರೆ ಹೀಗೆ ಮಾಡ್ತಿರಲಿಲ್ಲ ಅಂತ ಹೇಳೋದು ಬಹಳ ಸುಲಭ. ಆದರೆ ತಂದೆ ಹೋದ ಆರು ವರ್ಷಕ್ಕೆ ಮಗ ಅದೇ ಗೊಂಬೆಗಳನ್ನು ಹಡಗು ಹತ್ತಿಸಿದ್ದಾನೆ, ನಗಿಸಿದ್ದಾನೆ, ಒಂದೆರಡು ಕಡೆ ಅಳಿಸಿದ್ದಾನೆ. ಅದನ್ನೂ ಹೇಳಬೇಕು.

ಇನ್ನು ಕರ್ಮಿಟ್ ಬಗ್ಗೆ. ಪುಸ್ತಕದ ಸ್ಮಾಲೆಟ್ ಬಿಗುಮಾನದ, ಕಟ್ಟುನಿಟ್ಟಿನ ಮನುಷ್ಯ. ಸಿನಿಮಾದಲ್ಲೂ ಕ್ಯಾಪ್ಟನ್ ಬರುವ ಮೊದಲು ಅವನು ಜ್ವಾಲಾಮುಖಿ, ಮಹಾ ಕೋಪಿಷ್ಠ ಅಂತ ಎಲ್ಲರನ್ನೂ ಹೆದರಿಸಿರ್ತಾರೆ. ಸಾರೋಟು ಅಬ್ಬರದಿಂದ ಬಂದು ನಿಲ್ಲುತ್ತೆ. ಬಾಗಿಲು ತೆಗೆದರೆ ಇಳಿಯೋದು ಮೆದುಮಾತಿನ ಹಸಿರು ಕಪ್ಪೆ. ನಾನು ಪ್ರತಿ ಸಲ ಇಲ್ಲಿ ನಗ್ತೀನಿ. ಈ ನಗು ಕರ್ಮಿಟ್ ಯಾರು ಅಂತ ಗೊತ್ತಿದ್ದವರಿಗೆ ಒಂದು ಪಟ್ಟು ಜಾಸ್ತಿ.

ಕೊನೆಯ ಕತ್ತಿವರಸೆಯಲ್ಲಿ ಅವನೇ ಸಿಲ್ವರ್‌ಗೆ ಎದುರು ನಿಲ್ತಾನೆ. ಒಂದು ಕಪ್ಪೆ, ಎದುರಿಗೆ ಆಳೆತ್ತರದ ಕಳ್ಳ. ಧೈರ್ಯವಾಗಿ ಹೋರಾಡ್ತಾನೆ, ಆದರೆ ಕೈಯಿಂದ ಕತ್ತಿ ಬಿದ್ದುಹೋಗುತ್ತೆ. ಸಿಲ್ವರ್ ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಕರ್ಮಿಟ್‌ನ ಕಡೆಯವರೆಲ್ಲ ಕತ್ತಿ ಹಿಡಿದು ಬಂದು ನಿಂತಿರ್ತಾರೆ. ಸಿಲ್ವರ್ ಸೋಲೊಪ್ಪಿಕೊಳ್ತಾನೆ. ನೋಡಿ, ಮೊದಲಿಂದಲೂ ಕರ್ಮಿಟ್ ಅಂದರೆ ಇದೇ. ಅವನು ಎಲ್ಲರಿಗಿಂತ ಬಲಶಾಲಿ ಅಲ್ಲ, ಎಲ್ಲರಿಗಿಂತ ಜಾಣನೂ ಅಲ್ಲ. ಅವನು ಬಿದ್ದರೆ ಪಕ್ಕಕ್ಕೆ ಬಂದು ನಿಲ್ಲುವವರು ಇದ್ದಾರೆ, ಅಷ್ಟೇ ಅವನ ಶಕ್ತಿ. ನಾನು ಇಡೀ ಸಿನಿಮಾ ಹುಡುಕುತ್ತಿದ್ದ ಮಪೆಟ್‌ಗಳು ಆ ಅರ್ಧ ನಿಮಿಷದಲ್ಲಿ ಸಿಕ್ಕಿಬಿಡ್ತಾರೆ. ಇನ್ನೊಂದು ಹತ್ತು ನಿಮಿಷ ಹೀಗೇ ಇದ್ದಿದ್ದರೆ ನನ್ನ ದೂರಿನಲ್ಲಿ ಮುಕ್ಕಾಲು ಭಾಗ ಇರ್ತಿರಲಿಲ್ಲ.

ಹಾಗಾದರೆ ನೋಡಬೇಕಾ? ಖಂಡಿತ ನೋಡಿ. ಮನೆಯಲ್ಲಿ ಏಳೆಂಟು ವರ್ಷದ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ, ಶುರುವಿನ ಕಡಲ್ಗಳ್ಳರ ದೃಶ್ಯ ಮತ್ತು ಕುರುಡ ಪ್ಯೂ ಬರುವ ಭಾಗ ಸ್ವಲ್ಪ ಹೆದರಿಸಬಹುದು, ಪಕ್ಕದಲ್ಲಿರಿ. ಕಾಡುಹಂದಿಗಳ ಭಾಗ ಬಂದಾಗ ಎರಡು ಮಾತು ಆಡಿ. ಮಪೆಟ್‌ಗಳ ಪರಿಚಯ ಆಗಬೇಕು ಅನ್ನುವವರು ಮಾತ್ರ ಇದರಿಂದ ಶುರು ಮಾಡಬೇಡಿ. ಮೊದಲು 1979ರ ಸಿನಿಮಾ ನೋಡಿ, ಕಪ್ಪೆಗೆ ಏನು ಬೇಕಿತ್ತು ಅಂತ ತಿಳಿದುಕೊಳ್ಳಿ. ಆಮೇಲೆ ಇದನ್ನು ಹಾಕಿದರೆ ಸಾರೋಟಿನಿಂದ ಇಳಿಯುವವನು ಯಾರು ಅಂತ ನಿಮಗೂ ಗೊತ್ತಿರುತ್ತೆ.

ನಿಮಗೂ ಹೀಗೆ ಬಹಳ ಇಷ್ಟಪಟ್ಟು, ಜೊತೆಗೇ ಬಹಳ ದೂರು ಇಟ್ಟುಕೊಂಡ ಸಿನಿಮಾ ಯಾವುದಾದರೂ ಇದ್ದರೆ ಬರೆದು ತಿಳಿಸಿ.